ಮರೆತಿಲ್ಲ ಎಂಬ ಮಾತು: ಹಾರ್ವರ್ಡ್‌ನ ಯುದ್ಧ ಸ್ಮಾರಕಗಳು ಮತ್ತು ಎದುರು ಪಾಳೆಯದ ಹಳೆಯ ವಿದ್ಯಾರ್ಥಿಗಳು

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮೆಮೋರಿಯಲ್ ಚರ್ಚಿನೊಳಗೆ ನಾಲ್ಕೇ ಹೆಸರುಗಳಿರುವ ಒಂದು ಫಲಕವಿದೆ. ಫ್ರಿಟ್ಸ್ ಡೌರ್, ಕೊನ್ರಾಡ್ ಡೆಲ್‌ಬ್ರುಕ್, ಕರ್ಟ್ ಪೀಟರ್ಸ್, ಮ್ಯಾಕ್ಸ್ ಷ್ನೈಡರ್. ನಾಲ್ವರೂ ಹಾರ್ವರ್ಡ್‌ನಲ್ಲಿ ಓದಿದವರು. ನಾಲ್ವರೂ ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ಹೋರಾಡಿ ಸತ್ತವರು. ಹೆಸರುಗಳ ಜೊತೆಗೆ ಲ್ಯಾಟಿನ್ ಭಾಷೆಯ ಒಂದು ವಾಕ್ಯವಿದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಬೇರೆ ಬೇರೆ ಬಾವುಟಗಳ ಕೆಳಗೆ ತಾಯ್ನಾಡಿಗಾಗಿ ಪ್ರಾಣ ಒಪ್ಪಿಸಿದ ತನ್ನ ಮಕ್ಕಳನ್ನು ಹಾರ್ವರ್ಡ್ ವಿದ್ಯಾಪೀಠ ಮರೆತಿಲ್ಲ.’

ಅದೇ ಕಟ್ಟಡದ ಸ್ಮಾರಕ ಕೊಠಡಿಯಲ್ಲಿ, ಅದೇ ಯುದ್ಧದಲ್ಲಿ, ಮಿತ್ರರಾಷ್ಟ್ರಗಳ ಕಡೆ ನಿಂತು ಮಡಿದ 373 ಹಳೆಯ ವಿದ್ಯಾರ್ಥಿಗಳ ಹೆಸರುಗಳಿವೆ. ಅವರದು ಕೊಠಡಿ, ಇವರದು ಫಲಕ. ಅವರ ಮೇಲಿನ ಬರಹ ಇಂಗ್ಲಿಷಿನಲ್ಲಿದೆ, ಯಾರು ಬೇಕಾದರೂ ಓದಬಹುದು. ಇವರದು ಲ್ಯಾಟಿನ್, ಓದಬಲ್ಲವರು ಓದಿಕೊಳ್ಳಬೇಕು. ಹೀಗೆ ಎರಡು ಭಾಗ ಮಾಡಿದ್ದು ಕೈತಪ್ಪಿನಿಂದಲ್ಲ. ಒಂದೇ ಸಂಸ್ಥೆ ಮೂರು ಯುದ್ಧಗಳಲ್ಲಿ ‘ಎದುರು ಪಾಳೆಯದಲ್ಲಿ ಸತ್ತ ನಮ್ಮ ಹುಡುಗನನ್ನು ಏನು ಮಾಡುವುದು’ ಎಂಬ ಪ್ರಶ್ನೆಯನ್ನು ಎದುರಿಸಿ, ಮೂರು ಸಲವೂ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಮೂರು ಉತ್ತರಗಳೇ ಈ ಪ್ರಕರಣ.

ಮೊದಲನೆಯದು ಅಮೆರಿಕದ ಅಂತರ್ಯುದ್ಧ, ಒಕ್ಕೂಟವನ್ನು ಉಳಿಸಿಕೊಳ್ಳಲು ನಿಂತ ಉತ್ತರಕ್ಕೂ ಗುಲಾಮಗಿರಿಗಾಗಿ ಅದರಿಂದ ಸಿಡಿದು ಹೋದ ದಕ್ಷಿಣಕ್ಕೂ ನಡೆದದ್ದು. 1865ರಲ್ಲಿ ಯುದ್ಧ ಮುಗಿದ ಕೂಡಲೇ ಹಾರ್ವರ್ಡ್‌ನ ಹಳೆಯ ವಿದ್ಯಾರ್ಥಿಗಳು ಸಭೆ ಸೇರಿ, ಐವತ್ತು ಮಂದಿಯ ಸಮಿತಿ ಮಾಡಿ, ಸ್ಮಾರಕಕ್ಕೆ ಹಣ ಕೂಡಿಸಲು ಹೊರಟರು. 1870ರಲ್ಲಿ ಅಡಿಗಲ್ಲು ಬಿತ್ತು. ನಕ್ಷೆ ಬರೆದ ವಿಲಿಯಂ ವೇರ್ ಮತ್ತು ಹೆನ್ರಿ ವ್ಯಾನ್ ಬ್ರಂಟ್ ಇಬ್ಬರೂ ಅಲ್ಲಿಯೇ ಓದಿದವರು. ಕೆಂಪು ಇಟ್ಟಿಗೆಯ, ಗಾಥಿಕ್ ಶೈಲಿಯ, ದೂರದಿಂದ ನೋಡಿದರೆ ಕೆಥೆಡ್ರಲ್ ಎಂದೇ ಭ್ರಮೆ ಹುಟ್ಟಿಸುವ ಮೆಮೋರಿಯಲ್ ಹಾಲ್ ಎದ್ದು ನಿಂತಿತು. ಒಂದು ಕಡೆ ದೊಡ್ಡ ಊಟದ ಸಭಾಂಗಣ, ಇನ್ನೊಂದು ಕಡೆ ರಂಗಮಂದಿರ, ಎರಡರ ನಡುವೆ ಎತ್ತರದ ಮರದ ಚಾವಣಿಯ ಅಡ್ಡ ಪಡಸಾಲೆ. ಆ ಪಡಸಾಲೆಯ ಗೋಡೆಗಳಲ್ಲಿ 28 ಬಿಳಿಯ ಅಮೃತಶಿಲೆಯ ಫಲಕಗಳು, ಅವುಗಳಲ್ಲಿ 136 ಹೆಸರುಗಳು. ಪ್ರತಿ ಹೆಸರಿನ ಜೊತೆಗೆ ಸತ್ತ ದಿನ, ಸತ್ತ ಜಾಗ.

ಊಟಕ್ಕೆ ಹೋಗುವವರೂ ಪಾಠಕ್ಕೆ ಹೋಗುವವರೂ ಈ ಪಡಸಾಲೆ ಹಾಯ್ದೇ ಹೋಗಬೇಕು. ಇಂದಿಗೂ ಮೊದಲ ವರ್ಷದ ವಿದ್ಯಾರ್ಥಿಗಳ ಊಟ ಆ ಸಭಾಂಗಣದಲ್ಲೇ. ಹದಿನೆಂಟರ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು, ದಿನಕ್ಕೆ ಎರಡು ಮೂರು ಬಾರಿ ಹೆಚ್ಚುಕಡಿಮೆ ತಮ್ಮದೇ ವಯಸ್ಸಿನಲ್ಲಿ ಸತ್ತವರ ನಡುವೆ ಓಡಾಡುತ್ತಾರೆ. ಸ್ಮಾರಕವನ್ನು ಒಂದು ಮೂಲೆಯಲ್ಲಿ ಕಟ್ಟಿ, ಬೇಲಿ ಹಾಕಿ, ವರ್ಷಕ್ಕೊಮ್ಮೆ ಹೂವಿಟ್ಟು ಬರುವುದಕ್ಕಿಂತ ಇದು ನನಗೆ ಎಷ್ಟೋ ಮೇಲೆನಿಸುತ್ತದೆ. ಅವರಲ್ಲಿ ಎಷ್ಟು ಮಂದಿ ತಲೆ ಎತ್ತಿ ಓದುತ್ತಾರೆ ಎಂಬುದು ಬೇರೆ ಮಾತು.

ಆ 136ರಲ್ಲಿ ರಾಬರ್ಟ್ ಗೂಲ್ಡ್ ಷಾ ಒಬ್ಬ. ಅವನು ಪದವಿ ಮುಗಿಸಿದವನಲ್ಲ. 1859ರಲ್ಲಿ ಓದು ಬಿಟ್ಟು ಹೊರಟವನು. ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಬಿಳಿಯ ದಳಪತಿಯಾಗಿ 1863ರ ಜುಲೈ 18ರಂದು ಫೋರ್ಟ್ ವಾಗ್ನರ್ ಎಂಬಲ್ಲಿ ಸತ್ತ. ಎದುರಾಳಿಗಳು ಅವನ ಶವವನ್ನು ಅವನ ಸೈನಿಕರೊಂದಿಗೆ ಒಂದೇ ಗುಂಡಿಯಲ್ಲಿ ಹೂತರು. ಅದು ಅವಮಾನ ಮಾಡುವ ಉದ್ದೇಶದಿಂದ. ಷಾನ ತಂದೆ ಮಗನ ದೇಹವನ್ನು ಅಲ್ಲಿಂದ ತೆಗೆಯುವುದು ಬೇಡ, ತನ್ನವರ ಜೊತೆಗೇ ಇರಲಿ ಎಂದರು. ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ಪದವಿ ಪಡೆಯದ ಷಾ ಪಟ್ಟಿಯಲ್ಲಿದ್ದಾನೆ ಎಂದರೆ, ‘ನಮ್ಮವನು’ ಎನಿಸಿಕೊಳ್ಳಲು ಪ್ರಮಾಣಪತ್ರ ಬೇಕಿರಲಿಲ್ಲ, ಓದಿದ್ದರೆ ಸಾಕಿತ್ತು. ಈ ವಿಚಾರದಲ್ಲಿ ಬಾಗಿಲು ಅಗಲವಾಗಿಯೇ ತೆರೆದಿತ್ತು.

ಆದರೆ ದಕ್ಷಿಣದ ಕಾನ್‌ಫೆಡರೇಟ್ ಪಡೆಗಳಲ್ಲಿ ಸೇರಿ ಸತ್ತ ಹಾರ್ವರ್ಡ್ ವಿದ್ಯಾರ್ಥಿಗಳೂ ಅರವತ್ತಕ್ಕೂ ಹೆಚ್ಚು ಮಂದಿ ಇದ್ದರು. ಅವರಿಗೆ ಆ ಬಾಗಿಲು ತೆರೆಯಲಿಲ್ಲ. 28 ಫಲಕಗಳಲ್ಲಿ ಅವರ ಒಂದು ಹೆಸರೂ ಇಲ್ಲ.

ಇದನ್ನು ಹಲವರು ಸಂಸ್ಥೆಯ ಸಣ್ಣತನವೆಂದು ಬಗೆದಿದ್ದಾರೆ. ಹಾಗೆ ಹೇಳುವ ಮುನ್ನ ಪಡಸಾಲೆಯ ಅರ್ಪಣೆಯ ಬರಹವನ್ನು ನಿಧಾನವಾಗಿ ಓದಬೇಕು. ಒಕ್ಕೂಟವನ್ನು ಉಳಿಸಿಕೊಳ್ಳಲು ನಡೆದ ಯುದ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಭೂಸೇನೆ ಮತ್ತು ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದವರ ದೇಶಪ್ರೇಮಕ್ಕೆ ಈ ಕಟ್ಟಡ ನೆನಪು, ಆ ಸೇವೆಯಲ್ಲಿ ಸತ್ತವರ ಹೆಸರುಗಳು ಈ ಫಲಕಗಳಲ್ಲಿವೆ ಎಂದು ಅದು ಹೇಳುತ್ತದೆ. ಅಂದರೆ ಇದು ‘ಸತ್ತ ನಮ್ಮ ವಿದ್ಯಾರ್ಥಿಗಳ’ ಸ್ಮಾರಕವೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಇಂಥ ಉದ್ದೇಶಕ್ಕಾಗಿ, ಇಂಥ ಸೇನೆಯಲ್ಲಿ ಸತ್ತವರದು ಎಂದು ನೇರವಾಗಿ ಹೇಳಿಕೊಂಡಿದೆ. ಹೇಳಿದಂತೆಯೇ ನಡೆದುಕೊಂಡಿದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶವನ್ನೇ ಒಡೆಯಲು ಹೊರಟ ಪಾಳೆಯದವರನ್ನು, ಆ ಪಾಳೆಯದ ವಿರುದ್ಧ ಸತ್ತವರ ಗೋಡೆಗೆ ಸೇರಿಸದಿರುವುದು ಮರೆವಲ್ಲ, ನಿಲುವು.

ಬೇರೆ ದಾರಿ ಹಿಡಿದ ಸಂಸ್ಥೆಗಳೂ ಇದ್ದವು. ಪ್ರಿನ್ಸ್‌ಟನ್‌ನ ನಸ್ಸಾವ್ ಹಾಲ್‌ನಲ್ಲಿ ಅಂತರ್ಯುದ್ಧದಲ್ಲಿ ಸತ್ತವರ ಹೆಸರುಗಳಿವೆ, ಯಾರು ಯಾವ ಕಡೆಯವರು ಎಂದು ಗೋಡೆ ಹೇಳುವುದಿಲ್ಲ. ಯೇಲ್ ವಿಶ್ವವಿದ್ಯಾಲಯ 1915ರಲ್ಲಿ, ಯುದ್ಧ ಮುಗಿದು ಐವತ್ತು ವರ್ಷವಾದ ಮೇಲೆ, ಎರಡೂ ಕಡೆಯವರ ಹೆಸರುಗಳಿರುವ ಒಂದೇ ಸ್ಮಾರಕ ಮಾಡಿತು. ಕೇಳಲು ಇದು ಉದಾರವಾಗಿಯೇ ಇದೆ. ಆದರೆ ಆ ಐವತ್ತು ವರ್ಷಗಳಲ್ಲಿ ಉತ್ತರದ ಬಿಳಿಯರೂ ದಕ್ಷಿಣದ ಬಿಳಿಯರೂ ಕೈಕುಲುಕಿಕೊಂಡಿದ್ದು, ಆ ಕೈಕುಲುಕಿನ ಬೆಲೆಯನ್ನು ಕಪ್ಪು ಜನ ತಮ್ಮ ಮತದಾನದ ಹಕ್ಕು ಕಳೆದುಕೊಂಡು ತೆತ್ತಿದ್ದು ನೆನಪಾದರೆ, ಉದಾರತೆಯ ಹೊಳಪು ಸ್ವಲ್ಪ ಮಾಸುತ್ತದೆ.

ಈಗ ಮೊದಲ ಮಹಾಯುದ್ಧಕ್ಕೆ ಬರೋಣ. ಪ್ರಕರಣದ ಗಂಟು ಇರುವುದೇ ಇಲ್ಲಿ.

ಆಗ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದವರು ಎ. ಲಾರೆನ್ಸ್ ಲೋವೆಲ್. ಸ್ಮಾರಕವಾಗಿ ಚರ್ಚೊಂದನ್ನು ಕಟ್ಟುವುದು ಎಂದಾಯಿತು. ಈ ಕಾಲದಲ್ಲಿ ಚರ್ಚ್ ಯಾಕೆ, ಜನಕ್ಕೆ ಉಪಯೋಗಕ್ಕೆ ಬರುವ ಏನನ್ನಾದರೂ ಕಟ್ಟಬಾರದೇ ಎಂದು ಗೊಣಗಿದವರಿದ್ದರು. ಜರ್ಮನ್ನರ ಹೆಸರುಗಳನ್ನು ಬಿಟ್ಟದ್ದು ಚರ್ಚಿಗೆ ಸಲ್ಲದ ಕೆಲಸ, ಕ್ರಿಸ್ತನ ಮನೆಯಲ್ಲಿ ಶತ್ರು ಮಿತ್ರ ಎಂದರೇನು ಎಂದು ಕೇಳಿದವರೂ ಇದ್ದರು. ಎರಡನೆಯ ಆಕ್ಷೇಪವೇ ಹೆಚ್ಚು ಚುಚ್ಚುವಂಥದ್ದು. ಸಭಾಭವನ ಕಟ್ಟಿದ್ದರೆ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ದೇವರ ಮನೆ ಕಟ್ಟಿ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತರೆ ಎತ್ತದೆ ಬಿಡುವುದಿಲ್ಲ.

ಮೆಮೋರಿಯಲ್ ಚರ್ಚ್ 1932ರ ನವೆಂಬರ್ 11ರಂದು, ಯುದ್ಧವಿರಾಮದ ದಿನ, ಅರ್ಪಣೆಯಾಯಿತು. ಅದರ ಎದುರಿಗೆ ಬಯಲಿನ ಆಚೆ ವೈಡ್ನರ್ ಗ್ರಂಥಾಲಯ. ಟೈಟಾನಿಕ್ ಹಡಗಿನೊಂದಿಗೆ ಮುಳುಗಿದ ಒಬ್ಬ ಮಗನಿಗಾಗಿ ತಾಯಿಯೊಬ್ಬಳು ಕಟ್ಟಿಸಿದ ಕಟ್ಟಡ ಅದು. ಆ ಕಡೆ ಒಬ್ಬನಿಗೆ ಒಂದು ಗ್ರಂಥಾಲಯ, ಈ ಕಡೆ 373 ಮಂದಿಗೆ ಒಂದು ಕೊಠಡಿ.

ಆ ಕೊಠಡಿಯ ನಡುವೆ ಮಾಲ್ವಿನಾ ಹಾಫ್‌ಮನ್ ಕಡೆದ ‘ತ್ಯಾಗ’ ಎಂಬ ಶಿಲ್ಪ. ಸತ್ತ ಯೋಧನೊಬ್ಬ ಮಲಗಿದ್ದಾನೆ, ಅವನ ತಲೆ ಒಬ್ಬ ಹೆಂಗಸಿನ ಮಡಿಲಲ್ಲಿದೆ. ಆದರೆ ಅವನು 1918ರ ಕಂದಕದ ಸಿಪಾಯಿಯಲ್ಲ. ಮಧ್ಯಯುಗದ ಧರ್ಮಯುದ್ಧದ ಯೋಧ. ಕಲೆಯ ಮಟ್ಟಿಗೆ ಚೆಲುವಾದ ಕೆಲಸವೇ. ಆದರೆ ಧರ್ಮಯುದ್ಧದ ವೇಷ ತೊಡಿಸಿದ ಕ್ಷಣವೇ ಎದುರಿಗಿದ್ದವನು ಯಾರೆಂಬುದು ತೀರ್ಮಾನವಾಗಿಬಿಡುತ್ತದೆ. ಅವನು ಇನ್ನೊಂದು ದೇಶದ ಸಿಪಾಯಿಯಾಗಿ ಉಳಿಯುವುದಿಲ್ಲ, ಅಧರ್ಮದ ಕಡೆಯವನಾಗುತ್ತಾನೆ. ಚಾವಣಿಯ ಕೆಳಗೆ ಲೋವೆಲ್ ಬರೆದ ವಾಕ್ಯವಿದೆ. ಉಜ್ವಲ ಭವಿಷ್ಯ ಕೈಬೀಸಿ ಕರೆಯುತ್ತಿದ್ದಾಗ ಅವರು ತಮ್ಮ ಬದುಕನ್ನು ‘ನಮಗಾಗಿ ಮತ್ತು ನಮ್ಮ ಮಿತ್ರರಾಷ್ಟ್ರಗಳಿಗಾಗಿ’ ಕೊಟ್ಟರು ಎಂಬುದು ಅದರ ಹುರುಳು. ಹೆಸರುಗಳನ್ನು ಕೆತ್ತುವವನು ಉಳಿ ಹಿಡಿಯುವ ಮೊದಲೇ ಈ ಎರಡು ಪದ ಜರ್ಮನ್ನರನ್ನು ಹೊರಗಿಟ್ಟಿವೆ.

ನನಗೆ ಕಾಡುವುದು ‘ನಮಗಾಗಿ’ ಎಂಬ ಪದ. ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದ್ದು 1917ರ ಏಪ್ರಿಲ್ 6ರಂದು. ಅದಕ್ಕೂ ಮುನ್ನ ಎರಡೂವರೆ ವರ್ಷಕ್ಕೂ ಮಿಕ್ಕಿ ಅದು ತಟಸ್ಥ ದೇಶ. ಆ ತಟಸ್ಥ ಕಾಲದಲ್ಲೇ ಹಾರ್ವರ್ಡ್‌ನ ಹುಡುಗರು ಫ್ರಾನ್ಸಿಗೆ ಹೋಗಿ ಸತ್ತಿದ್ದರು. ವಿಕ್ಟರ್ ಚಾಪ್‌ಮನ್ ಫ್ರೆಂಚ್ ವಾಯುಪಡೆಯಲ್ಲಿ ವಿಮಾನ ಹಾರಿಸುತ್ತಿದ್ದವನು, 1916ರ ಜೂನ್ 23ರಂದು ವರ್ಡನ್ ಬಳಿ ಬಿದ್ದ. ಕವಿ ಆಲನ್ ಸೀಗರ್ ಫ್ರೆಂಚ್ ವಿದೇಶಿ ದಳಕ್ಕೆ ಸೇರಿದವನು, ಅದೇ ವರ್ಷ ಜುಲೈ 4ರಂದು ಸಾಮ್ ಕದನದಲ್ಲಿ ಸತ್ತ. ಅವರು ಸತ್ತದ್ದು ಬೇರೊಂದು ದೇಶದ ಬಾವುಟದ ಕೆಳಗೆ, ತಮ್ಮ ದೇಶ ಇನ್ನೂ ಕಾದಾಡದಿದ್ದ ಯುದ್ಧದಲ್ಲಿ. ಆದರೂ ಅವರು ‘ನಮ್ಮವರು’. ಆ ತಿಂಗಳುಗಳಲ್ಲಿ ಸತ್ತ ಯಾವ ಜರ್ಮನ್ ಸಿಪಾಯಿಯೂ ಕಾನೂನಿನ ಲೆಕ್ಕದಲ್ಲಿ ಅಮೆರಿಕದ ಶತ್ರುವಾಗಿರಲಿಲ್ಲ. ಹಾಗಾದರೆ ಪಟ್ಟಿಯ ಅಳತೆಗೋಲು ಯಾವುದು? ಅಮೆರಿಕದ ಸೇನೆ ಅಲ್ಲ. ತಾಯ್ನಾಡು ಅಲ್ಲ, ಯಾಕೆಂದರೆ ಆ ಅಳತೆಯಲ್ಲಿ ಜರ್ಮನ್ನನೇ ಸೀಗರ್‌ಗಿಂತ ಮುಂದೆ. ಉಳಿಯುವುದು ಒಂದೇ: ಗೆದ್ದ ಪಕ್ಷ ಆಮೇಲೆ ನ್ಯಾಯವೆಂದು ಕರೆದ ಪಕ್ಷ.

ಇದನ್ನೇ ಲೋವೆಲ್ ಅವರ ಕಡೆಯಿಂದ ನೋಡಿದರೆ, ಹೆಸರುಗಳನ್ನು ಬೆರೆಸಿದ್ದರೆ ಚಾವಣಿಯ ವಾಕ್ಯ ಸುಳ್ಳಾಗುತ್ತಿತ್ತು. ಸುಳ್ಳಾಡದೆ ನಾಲ್ವರನ್ನು ಒಳಗೆ ತರಲು ಇದ್ದ ಉಪಾಯ ಬೇರೆ ಫಲಕ, ಬೇರೆ ವಾಕ್ಯ, ಬೇರೆ ಭಾಷೆ. ಆ ವಾಕ್ಯ ಬರೆದವರ ಕೈಚಳಕವನ್ನು ಮೆಚ್ಚಲೇಬೇಕು. ಲ್ಯಾಟಿನ್‌ನಲ್ಲಿ ಶತ್ರುವಿಗೆ ಪದಗಳ ಬಡತನವಿಲ್ಲ. ಇಲ್ಲಿ ಒಂದೂ ಬಳಕೆಯಾಗಿಲ್ಲ. ‘ಡಿವೆರ್ಸಿಸ್ ಸುಬ್ ಸಿಗ್ನಿಸ್’ ಎಂದಿದೆ. ಬೇರೆಯಾದ ಬಾವುಟಗಳ ಕೆಳಗೆ ಎಂದು, ಅಷ್ಟೇ. ‘ಪ್ರೊ ಪಾಟ್ರಿಯಾ’ ಎಂದಿದೆ. ತಾಯ್ನಾಡಿಗಾಗಿ ಎಂದು, ಯಾರ ತಾಯ್ನಾಡು ಎನ್ನದೆ. ‘ತನ್ನ ಮಕ್ಕಳು’ ಎಂದಿದೆ. ಇಡೀ ವಾಕ್ಯದಲ್ಲಿ ಅತ್ಯಂತ ತೂಕದ ಮಾತು ಇದೇ ಎಂದು ನನ್ನ ಎಣಿಕೆ. ಆದರೆ ಕ್ರಿಯಾಪದಕ್ಕೆ ಬಂದಾಗ ಬರೆದವರು ಹಿಡಿತ ಬಿಟ್ಟಿಲ್ಲ. ‘ಗೌರವಿಸುತ್ತದೆ’ ಎಂದಿಲ್ಲ, ‘ನೆನೆಯುತ್ತದೆ’ ಎಂದೂ ಇಲ್ಲ, ‘ಮರೆತಿಲ್ಲ’ ಎಂದಿದೆ. ನಮ್ಮಲ್ಲೂ ದೂರವಾದ ಬಂಧುವಿನ ವಿಷಯ ಬಂದಾಗ ‘ಅವನನ್ನೇನೂ ನಾವು ಮರೆತಿಲ್ಲ’ ಎನ್ನುತ್ತೇವಲ್ಲ, ಆ ಧಾಟಿ. ಪ್ರೀತಿ ಇದೆ, ಮನೆಗೆ ಕರೆಯುವಷ್ಟಿಲ್ಲ.

ಇದರ ಪಕ್ಕಕ್ಕೆ ಆಕ್ಸ್‌ಫರ್ಡ್‌ನ ನ್ಯೂ ಕಾಲೇಜನ್ನು ಇಟ್ಟು ನೋಡಬಹುದು. ಅಲ್ಲಿಯೂ ಪ್ರಾರ್ಥನಾ ಮಂದಿರದ ದೊಡ್ಡ ಸ್ಮಾರಕದಲ್ಲಿ ಜರ್ಮನ್ನರಿಲ್ಲ. 1930ರಲ್ಲಿ ಮೂವರು ಜರ್ಮನ್ ಹಳೆಯ ವಿದ್ಯಾರ್ಥಿಗಳಿಗೆ ಬೇರೆ ಫಲಕ ಬಂತು. ಆದರೆ ಬರಹ ಇಂಗ್ಲಿಷಿನಲ್ಲಿದೆ, ಧಾಟಿಯೂ ಬೇರೆ. ಪರದೇಶದಿಂದ ಬಂದು ಈ ಸ್ಥಳದ ಪರಂಪರೆಗೆ ಹಕ್ಕುದಾರರಾಗಿ, ಹಿಂತಿರುಗಿ ತಮ್ಮ ದೇಶಕ್ಕಾಗಿ ಹೋರಾಡಿ ಸತ್ತ ಈ ಕಾಲೇಜಿನವರ ನೆನಪಿಗೆ ಎಂದು ಅದು ಹೇಳುತ್ತದೆ. ಬಂದರು, ನಮ್ಮವರಾದರು, ಹೋದರು, ಸತ್ತರು. ಕಥೆಯನ್ನೇ ಹೇಳಿಬಿಟ್ಟಿದೆ, ಮುಚ್ಚುಮರೆ ಇಲ್ಲ. ಮಕ್ಕಳನ್ನು ಕಳೆದುಕೊಂಡ ಅಳತೆಯಲ್ಲಿ ಇಂಗ್ಲೆಂಡಿನ ಗಾಯ ಅಮೆರಿಕದ್ದಕ್ಕಿಂತ ಬಹಳ ಆಳವಾದದ್ದು. ಆದರೂ ಎಲ್ಲರಿಗೂ ಓದಲು ಬರುವ ಭಾಷೆಯಲ್ಲಿ ಬರೆಯುವ ಧೈರ್ಯ ಬಂದದ್ದು ಅಲ್ಲಿ.

ಹಾರ್ವರ್ಡ್ ಚರ್ಚ್ ಅರ್ಪಣೆಯಾಗಿ ಮೂರು ತಿಂಗಳು ತುಂಬುವ ಮೊದಲೇ, 1933ರ ಜನವರಿ 30ರಂದು, ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಮೂರನೆಯ ಉತ್ತರದ ಕಥೆ ಅಲ್ಲಿಂದ ಶುರು.

ಅಡಾಲ್ಫ್ ಸಾನ್ವಾಲ್ಡ್ 1920ರ ದಶಕದಲ್ಲಿ ಹಾರ್ವರ್ಡ್‌ನ ಧರ್ಮಶಾಸ್ತ್ರ ಶಾಲೆಯಲ್ಲಿ ಓದಿದ ಜರ್ಮನ್. ಊರಿಗೆ ಮರಳಿ ಪಾದ್ರಿಯಾದ. ನಾಜಿಗಳ ಜನಾಂಗವಾದದ ವಿರುದ್ಧ ಬರೆದ, ಸರ್ಕಾರಕ್ಕೆ ಬೇಡವಾದವನಾದ. ಕೊನೆಗೆ ಬಲವಂತವಾಗಿ ಸೇನೆಗೆ ಸೇರಿಸಲ್ಪಟ್ಟು 1943ರಲ್ಲಿ ರಷ್ಯಾದ ರಣರಂಗದಲ್ಲಿ ಸತ್ತ. ಎರಡನೇ ಮಹಾಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಮೆಮೋರಿಯಲ್ ಚರ್ಚಿನ ಗೋಡೆಗೆ ಹಾಕಿದಾಗ ಈ ಬಾರಿ ಬೇರೆ ಫಲಕ ಮಾಡಲಿಲ್ಲ. ಅವನ ಹೆಸರು ಎಲ್ಲರ ಹೆಸರುಗಳ ನಡುವೆಯೇ ಬಂತು. ಅದರ ಜೊತೆಗೆ ಎರಡು ಪದ ಸೇರಿದವು: ‘ಶತ್ರುಪಕ್ಷದ ಮೃತ’.

ಮೊದಲ ಸಲ ಓದಿದಾಗ ನನಗೆ ಇದು ಮುಂದಿಟ್ಟ ಹೆಜ್ಜೆಯಂತೆ ಕಂಡಿತು. ಗೋಡೆ ಒಂದೇ, ಸಾಲು ಒಂದೇ. ಮತ್ತೆ ಯೋಚಿಸಿದಾಗ ಆ ಎರಡು ಪದ ಮುಳ್ಳಾದವು. 1930ರ ದಶಕದ ಲ್ಯಾಟಿನ್ ವಾಕ್ಯ ಜರ್ಮನ್ನರನ್ನು ಹೊರಗೆ ನಿಲ್ಲಿಸಿ ‘ಮಕ್ಕಳು’ ಎಂದಿತು. ಆಮೇಲಿನ ಗೋಡೆ ಜರ್ಮನ್ನನನ್ನು ಒಳಗೆ ಕರೆದು ‘ಶತ್ರು’ ಎಂದಿತು. ಅದೂ ಯಾರನ್ನು? ಕೈಸರನ ಕಾಲದ ನಾಲ್ವರಿಗೆ ಅನ್ವಯಿಸದ ಪದವನ್ನು, ತನ್ನ ದೇಶದ ಆಡಳಿತವನ್ನೇ ಎದುರು ಹಾಕಿಕೊಂಡ ಒಬ್ಬನಿಗೆ ಅಂಟಿಸಲಾಯಿತು. ಅವನಿಗೆ ತಾಯ್ನಾಡಿನಲ್ಲೂ ಶತ್ರು ಎಂಬ ಹಣೆಪಟ್ಟಿ, ಓದಿದ ಜಾಗದಲ್ಲೂ ಅದೇ.

ಈ ತೊಡಕಿನ ಬೇರು ಎಲ್ಲಿದೆ? ಸರ್ಕಾರ ಸ್ಮಾರಕ ಕಟ್ಟುವುದಕ್ಕೂ ವಿದ್ಯಾಸಂಸ್ಥೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಮರೆತದ್ದರಲ್ಲಿ ಎಂದು ನಾನು ತಿಳಿದಿದ್ದೇನೆ. ಸರ್ಕಾರಕ್ಕೆ ಸತ್ತವನೊಂದಿಗೆ ಇರುವ ನಂಟು ಅವನು ತನಗಾಗಿ ಸತ್ತ ಎಂಬುದು. ಶಾಲೆಗೆ ಇರುವ ನಂಟು ಅವನು ತನ್ನಲ್ಲಿ ಓದಿದ ಎಂಬುದು, ಅದು ಯುದ್ಧಕ್ಕಿಂತ ಮುಂಚಿನದು. ಕನ್ನಡದಲ್ಲಿ ಈ ಭೇದ ಪದದಲ್ಲೇ ಇದೆ. ‘ಹುತಾತ್ಮ’ ಎಂದರೆ ಆಹುತಿ ಯಾವುದಕ್ಕೆ ಎಂದು ಕೇಳಲೇಬೇಕು, ಆ ಪದದೊಳಗೆ ಪಕ್ಷವಿದೆ. ‘ಮಡಿದವರು’ ಎಂದರೆ ಸಾವು ಮಾತ್ರ ಇದೆ. ಮೆಮೋರಿಯಲ್ ಹಾಲ್ ಹುತಾತ್ಮರ ಪಟ್ಟಿ, ತಾನು ಹಾಗೆಂದು ಒಪ್ಪಿಕೊಂಡ ಪಟ್ಟಿ. ಲ್ಯಾಟಿನ್ ಫಲಕ ಮಡಿದವರ ಪಟ್ಟಿ, ಶಾಲೆ ಶಾಲೆಯಾಗಿ ಆಡಿದ ಮಾತು. ಸಾನ್ವಾಲ್ಡ್ ಹೆಸರಿನ ಜೊತೆಗಿರುವ ಎರಡು ಪದ ಮಾತ್ರ ಸೇನಾ ಕಚೇರಿಯ ದಾಖಲೆ ಪುಸ್ತಕದ ಭಾಷೆ. ಅದು ಶಾಲೆಯ ಗೋಡೆಗೆ ಹೇಗೋ ಹತ್ತಿ ಕೂತಿದೆ.

ಪಟ್ಟಿಯಿಂದ ಹೊರಗುಳಿದವರು ಶತ್ರುಗಳಷ್ಟೇ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹಾರ್ವರ್ಡ್‌ಗೆ ಹೊಂದಿಕೊಂಡ ಮಹಿಳಾ ಕಾಲೇಜು ರ‍್ಯಾಡ್‌ಕ್ಲಿಫ್‌ನಲ್ಲಿ ಓದಿ ಮೊದಲ ಮಹಾಯುದ್ಧದ ಸೇವೆಯಲ್ಲಿ ಸತ್ತ ಮೂವರು ಹೆಂಗಸರಿದ್ದರು. ಅವರಲ್ಲೊಬ್ಬಳು ರೂತ್ ಹೋಲ್ಡನ್, ಪಳೆಯುಳಿಕೆ ಸಸ್ಯಗಳನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ. ಗಾಯಾಳುಗಳ ಶುಶ್ರೂಷೆಗೆ ರಷ್ಯಾಕ್ಕೆ ಹೋಗಿ 1917ರಲ್ಲಿ ಮಾಸ್ಕೋದಲ್ಲಿ ಕಾಯಿಲೆಯಿಂದ ಸತ್ತಳು. ಮಿತ್ರರಾಷ್ಟ್ರಗಳ ಕಡೆಯೇ, ‘ನಮಗಾಗಿ’ಯೇ. ಅವರ ಫಲಕ ಬಂದದ್ದು 2001ರಲ್ಲಿ. ನಾಲ್ವರು ಜರ್ಮನ್ನರನ್ನು ನೆನಪಿಸಿಕೊಳ್ಳಲು ಲ್ಯಾಟಿನ್ ಹುಡುಕಿದವರಿಗೆ ಈ ಮೂವರ ಹೆಸರು ಅಷ್ಟು ವರ್ಷ ಹೊಳೆಯಲಿಲ್ಲ.

ಕಾನ್‌ಫೆಡರೇಟ್ ವಿದ್ಯಾರ್ಥಿಗಳ ಮಾತು 1990ರ ದಶಕದ ನಡುವೆ ಮತ್ತೆ ಎದ್ದಿತು. ಜರ್ಮನ್ನರಿಗೆ ಮಾಡಿದಂತೆ ಅವರಿಗೂ ಮೆಮೋರಿಯಲ್ ಚರ್ಚಿನಲ್ಲಿ ಒಂದು ಫಲಕ ಹಾಕಬಾರದೇಕೆ ಎಂಬ ಪ್ರಸ್ತಾಪ ಬಂತು. ತರ್ಕ ನೇರವಾಗಿದೆ. ಶಾಲೆಯ ನಂಟು ಓದಿನ ನಂಟು ಎಂದು ಈಗಷ್ಟೇ ನಾನೇ ಬರೆದೆನಲ್ಲ, ಆ ಲೆಕ್ಕದಲ್ಲಿ ಅವರೂ ಮಕ್ಕಳೇ. ಕಪ್ಪು ವಿದ್ಯಾರ್ಥಿಗಳು ವಿರೋಧಿಸಿದರು. ಪ್ರಸ್ತಾಪ ಬಿದ್ದುಹೋಯಿತು.

ನನ್ನ ತರ್ಕ ಇಲ್ಲಿ ಮುಗ್ಗರಿಸುತ್ತದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಡೆಲ್‌ಬ್ರುಕ್ ಜರ್ಮನಿಯಲ್ಲಿ ಹುಟ್ಟಿದ್ದರಿಂದ ಜರ್ಮನಿಯ ಪರ ಹೋದ. ಅವನ ಸಾವಿನಿಂದ ಹಾರ್ವರ್ಡ್ ಅಂಗಳದಲ್ಲಿ ಇಂದು ನಡೆದಾಡುವ ಯಾರ ಮೈಮೇಲಿನ ಗಾಯವೂ ಕೆದಕುವುದಿಲ್ಲ. ಕಾನ್‌ಫೆಡರೇಟ್ ಹೆಸರು ಹಾಗಲ್ಲ. ಅದರ ಮುಂದೆ ಹಾದು ಹೋಗಬೇಕಾದ ವಿದ್ಯಾರ್ಥಿಯ ಮುತ್ತಜ್ಜಿಯನ್ನು ಆಸ್ತಿಯಾಗಿ ಉಳಿಸಿಕೊಳ್ಳಲು ನಡೆದ ಯುದ್ಧ ಅದು. ಓದಿನ ನಂಟು ಸತ್ತವನೊಂದಿಗೆ ಮಾತ್ರವಲ್ಲ, ಈಗ ಓದುತ್ತಿರುವವನೊಂದಿಗೂ ಇದೆ. ಎರಡೂ ಎದುರುಬದುರಾದಾಗ ಬದುಕಿರುವವನ ಕಡೆ ನಿಂತ ತೀರ್ಮಾನ ನನಗೆ ಸರಿಯೆನಿಸುತ್ತದೆ. ಹಾಗೆನ್ನುವಾಗ, ಅಳತೆಗೋಲು ಬದಲಿಸಿದಿರಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಪೂರ್ತಿ ಜವಾಬಿಲ್ಲ.

ಪಡಸಾಲೆಯಲ್ಲಿ ಈಗಲೂ 136 ಹೆಸರುಗಳೇ. ಚರ್ಚಿನಲ್ಲಿ ಲ್ಯಾಟಿನ್ ಫಲಕ ಅದರ ಜಾಗದಲ್ಲಿದೆ, ಸಾನ್ವಾಲ್ಡ್ ಹೆಸರು ಅದರ ಎರಡು ಪದಗಳೊಂದಿಗೆ ಅದರ ಸಾಲಿನಲ್ಲಿದೆ. ಆ ಎರಡು ಪದಗಳನ್ನು ಕಲ್ಲಿನಿಂದ ಅಳಿಸಬೇಕೇ ಎಂದು ನನ್ನನ್ನು ಕೇಳಿದರೆ ಬೇಡವೆನ್ನುತ್ತೇನೆ. ಪಕ್ಕದಲ್ಲಿ ಒಂದು ಸಾಲು ಸೇರಿಸಲಿ. ಅವನು ಏನು ಬರೆದಿದ್ದ, ಯಾರ ವಿರುದ್ಧ ಬರೆದಿದ್ದ ಎಂಬಷ್ಟೇ ಇರಲಿ, ಇಂಗ್ಲಿಷಿನಲ್ಲಿ.